ಹದಿನಾಲ್ಕರಲ್ಲಿ ಎರಡು ಕಾಣೆ

ಎರಡು ಕಣ ಡಿಕ್ಕಿ ಹೊಡೆದು ನಾಲ್ಕು ಹೊರಬರುವ ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡೋಣ ಅಂತ ಒಂದು ಭಾನುವಾರ ಕೂತೆ. ಕ್ವಾರ್ಕ್‌ಗಳನ್ನು ಅಂಟಿಸಿ ಹಿಡಿಯುವ ಗ್ಲೂಆನ್‌ ಕಣಗಳ ತಂಟೆಗೆ ಹೋಗಲಿಲ್ಲ. ಆರು ಗ್ಲೂಆನ್ ಅಂದರೆ ಲೂಪ್ (ಗೆರೆಗಳ ಮುಚ್ಚಿದ ಸುತ್ತು) ಇಲ್ಲದೆಯೇ 220 ಫೈನ್‌ಮನ್ ಚಿತ್ರ, ಅಂದರೆ ಕಣಗಳು ಸೇರಿ ಬೇರೆಯಾಗುವ ಒಂದೊಂದು ಬಗೆಯನ್ನು ಗೆರೆಗಳಲ್ಲಿ ತೋರಿಸುವ ಚಿತ್ರ. ಹತ್ತಾದರೆ 1,05,25,900. ನಾನು ಹಿಡಿದದ್ದು ಆಟಿಕೆಯಂಥ ಮಾದರಿ: ಸ್ಪಿನ್ ಇಲ್ಲದ ಕಣಗಳು, ಪ್ರತಿ ಜಂಕ್ಷನ್ನಿನಲ್ಲಿ ಮೂರೇ ಗೆರೆ, ಹೊರಗಿನ ಕಣಗಳ ಸಾಲು ಬದಲಾಗುವ ಹಾಗಿಲ್ಲ.

ನನ್ನ ಕೈಗೆ ಒಂದೇ ಅಭ್ಯಾಸ. ಉದ್ದಕ್ಕೊಂದು ಗೆರೆ, ತಂತಿ ಮೇಲೆ ಬಟ್ಟೆ ಹಾಕಿದ ಹಾಗೆ ಕಣಗಳು. ಹೀಗೆ 12 ಚಿತ್ರ ಬಂದವು. ಚಿತ್ರಕ್ಕೊಂದು ಭಿನ್ನರಾಶಿ, ಎಲ್ಲ ಕೂಡಿಸಿದರೆ ಆಂಪ್ಲಿಟ್ಯೂಡ್, ಅಂದರೆ ಈ ಡಿಕ್ಕಿಯ ಸಂಭವ ಎಷ್ಟು ಅಂತ ಲೆಕ್ಕ ಹಾಕಲು ಬೇಕಾದ ಸಂಖ್ಯೆ. ಮುಗೀತು ಅಂದುಕೊಂಡೆ.

ಸುಮ್ನೆ ಪರೀಕ್ಷೆಗೆ ಅಂತ, ಭೌತವಿಜ್ಞಾನಿ ನಿಮಾ ಅರ್ಕಾನಿ-ಹಮೇದ್ ಮತ್ತು ಸಂಗಡಿಗರು 2023ರಲ್ಲಿ ತೋರಿಸಿದ 'ಅಡಗಿದ ಸೊನ್ನೆ'ಯನ್ನು ಬಳಸಿದೆ. ಷಡ್ಭುಜದ ಆರು ಅಂಚುಗಳೇ ಆರು ಕಣಗಳು, ಮೂಲೆಗಳಿಗೆ 1ರಿಂದ 6ರವರೆಗೆ ಸಂಖ್ಯೆ. ಒಂಬತ್ತು ಕರ್ಣಗಳಿಗೂ ಒಂದೊಂದು ಬೆಲೆ, ಅಂದರೆ ಅಲ್ಲಿ ಹರಿಯುವ ಮೊಮೆಂಟಮ್‌ನ ವರ್ಗ (ಶಕ್ತಿಯನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಇದು ಋಣವೂ ಆಗಬಹುದು). ಈ ಬೆಲೆಗಳ ನಡುವೆ ಒಂದು ಹೊಂದಾಣಿಕೆ ಇದ್ದರೆ ಇಡೀ ಮೊತ್ತ ಸೊನ್ನೆಯಾಗಬೇಕು. ಅದು ಕೂಡಿಬರುವ ಹಾಗೆ 1-3, 1-4, 1-5 ಕರ್ಣಗಳಿಗೆ ಕ್ರಮವಾಗಿ 1, 3, 4 ಇಟ್ಟೆ. 2-4, 2-5, 2-6ಕ್ಕೆ 2, 3, -1. ಉಳಿದ ಮೂರಕ್ಕೆ ಏನಿಟ್ಟರೂ ನಡೆಯುತ್ತದೆ. 3-5ಕ್ಕೆ 5, 4-6ಕ್ಕೆ 6, 3-6ಕ್ಕೆ 7 ಇಟ್ಟೆ.

ಸೊನ್ನೆ ಬರಲಿಲ್ಲ. 1/30 ಬಂತು.

ಲ.ಸಾ.ಅ. ತಪ್ಪಿರಬೇಕು ಅಂತ ಮೂರು ಸಲ ಕೂಡಿದೆ. ಹಠ ಹಿಡಿದ ಮಗುವಿನ ಹಾಗೆ ಅದೇ 1/30. ಕೊನೆಗೆ ಚಿತ್ರ ಬಿಟ್ಟು ಷಡ್ಭುಜವನ್ನೇ ಕತ್ತರಿಸತೊಡಗಿದೆ. ಒಂದನ್ನೊಂದು ದಾಟದ ಮೂರು ಕರ್ಣ ಎಳೆದರೆ ನಾಲ್ಕು ತ್ರಿಭುಜ. ಇಂಥ ಒಂದೊಂದು ಕತ್ತರಿಕೆಯೂ ಒಂದು ಫೈನ್‌ಮನ್ ಚಿತ್ರ; ಮೂರು ಕರ್ಣಗಳ ಬೆಲೆ ಗುಣಿಸಿ, ಅದರಿಂದ 1ನ್ನು ಭಾಗಿಸಿದರೆ ಆ ಚಿತ್ರದ ಭಿನ್ನರಾಶಿ. ಚೌಕಕ್ಕೆ 2, ಪಂಚಭುಜಕ್ಕೆ 5, ಷಡ್ಭುಜಕ್ಕೆ 14. ಬಹುಭುಜವನ್ನು ತ್ರಿಭುಜಗಳಾಗಿ ಕತ್ತರಿಸುವ ಬಗೆಗಳನ್ನು ಎಣಿಸುವ ಕ್ಯಾಟಲಾನ್ ಸಂಖ್ಯೆಗಳು, ಅಲ್ವಾ! ಗೊತ್ತಿದ್ದೂ ಎಣಿಸಿರಲಿಲ್ಲ.

ಬಿಟ್ಟುಹೋದದ್ದು ನಡುವೆ ದೊಡ್ಡ ತ್ರಿಭುಜ ಕೂರುವ ಎರಡು. ಅವು ತಂತಿಯ ಹಾಗಿಲ್ಲ, ಮೂರು ರೆಕ್ಕೆಯ ಫ್ಯಾನಿನ ಹಾಗೆ. 1-3, 3-5, 1-5 ಕರ್ಣಗಳದ್ದು 1/20. 2-4, 4-6, 2-6ರದ್ದು -1/12. ಎರಡೂ ಸೇರಿ -1/30. ಕಾಗದದ ಮೇಲೆ ಸೊನ್ನೆ ಬರೆದಾಗ ಕಾಫಿ ತಣ್ಣಗಾಗಿತ್ತು.

ಈಗ ಜಂಕ್ಷನ್ನಿಗೆ ನಾಲ್ಕು ಗೆರೆ ಸೇರುವ ಮಾದರಿ ಹಿಡಿದಿದ್ದೇನೆ. ಇಲ್ಲಿ ತ್ರಿಭುಜದ ಬದಲು ಚತುರ್ಭುಜಗಳಾಗಿ ಕತ್ತರಿಸಬೇಕು. ಎಂಟು ಕಣಕ್ಕೆ 12 ಬರಬೇಕು. ಎಣಿಸಿಕೊಂಡೇ ಪೆನ್ನು ತೆಗೆದೆ.