ಮಳೆನೀರು ಹೊಕ್ಕ ಕಾರು: ಇನ್ಶೂರೆನ್ಸ್ ಏನು ಕೊಡುತ್ತೆ, ಏನು ಕೊಡಲ್ಲ

ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ ಕಾರಿಗೆ ರಾತ್ರಿ ಸೀಟಿನವರೆಗೂ ನೀರು ಬಂದಿದೆ ಅಂದುಕೊಳ್ಳಿ. ಇರುವುದು ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಒಂದು ರೂಪಾಯಿಯೂ ಬರುವುದಿಲ್ಲ. ಕಾನೂನು ಕಡ್ಡಾಯ ಮಾಡಿರುವ ಆ ಪಾಲಿಸಿ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಕಾರಿನ ಹಾನಿಗೂ ಹಣ ಕೊಡುವ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಪ್ರವಾಹದ ಹಾನಿ ಅದರಲ್ಲಿ ಸೇರಿರುತ್ತದೆ.

ಜಗಳ ಹುಟ್ಟುವುದು ಎಂಜಿನ್ ವಿಷಯದಲ್ಲಿ. ನೀರು ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಏರ್ ಇನ್‌ಟೇಕ್ ಮೂಲಕ ಸಿಲಿಂಡರಿಗೆ ನೀರು ಹೋಗುತ್ತದೆ. ಅದುಮಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ; ಹಾಗಾಗಿ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ‘ಇದು ಪ್ರವಾಹದಿಂದ ಆದದ್ದಲ್ಲ, ಸ್ಟಾರ್ಟ್ ಮಾಡಿದ್ದರಿಂದ ಆದದ್ದು’ ಎಂದು ಕಂಪನಿ ಕೈ ತೊಳೆದುಕೊಳ್ಳುತ್ತದೆ. ‘ಝೀರೋ ಡೆಪ್ ಆಡ್-ಆನ್ (ಹೆಚ್ಚುವರಿ ಪ್ರೀಮಿಯಂ ಕೊಟ್ಟು ಪಾಲಿಸಿಗೆ ಸೇರಿಸುವ ರಕ್ಷಣೆ) ಇದೆಯಲ್ಲ’ ಎನ್ನುವವರೇ ಹೆಚ್ಚು. ಅದು ಬಿಡಿಭಾಗಗಳ ಸವಕಳಿಗೆ, ಅಂದರೆ ಹಳೆಯದಾದಂತೆ ಇಳಿದ ಬೆಲೆಯೆಂದು ಕಂಪನಿ ಕಡಿತ ಮಾಡುವ ಹಣಕ್ಕೆ ಮಾತ್ರ. ಇದಕ್ಕೆ ಬೇಕಾದದ್ದು ಎಂಜಿನ್ ಪ್ರೊಟೆಕ್ಟ್ ಆಡ್-ಆನ್. ಅದರ ಷರತ್ತುಗಳನ್ನೂ ಓದಿಕೊಳ್ಳಿ.

ಹಾಗಾಗಿ ಕೀ ತಿರುಗಿಸಲೇಬೇಡಿ. ನೀರಿನ ಮಟ್ಟವೂ ನಂಬರ್ ಪ್ಲೇಟೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಫೋಟೋ ತೆಗೆಯಿರಿ. ನೀರು ಇಳಿದ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಪಡೆಯಿರಿ. ಕಾರನ್ನು ಎಳೆಸಬೇಡಿ, ಫ್ಲಾಟ್‌ಬೆಡ್ ಗಾಡಿಯ ಮೇಲೆ ಸಾಗಿಸಿ. ಗ್ಯಾರೇಜಿನಲ್ಲಿ ಸರ್ವೇಯರ್ (ಹಾನಿಯನ್ನು ಅಂದಾಜು ಮಾಡಲು ಕಂಪನಿ ನೇಮಿಸುವವರು) ನೋಡುವ ಮೊದಲು ಏನನ್ನೂ ಬಿಚ್ಚಿಸಬೇಡಿ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿದೆ ಎಂದೇ ಅರ್ಥ.

ಸವಕಳಿಯ ಲೆಕ್ಕ ಗೊತ್ತಿದ್ದರೆ ಬಿಲ್ ನೋಡಿ ಗಾಬರಿಯಾಗುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರ್‌ಗೆ ಶೇ. 50 ಕಡಿತ, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ. ಮೂರೂವರೆ ವರ್ಷದ ಕಾರಿಗೆ ಗೋಡೆ ತಾಗಿ 8,000 ರೂಪಾಯಿಯ ಪ್ಲಾಸ್ಟಿಕ್ ಬಂಪರ್, 12,000ದ ಬಾಗಿಲು, 10,000ದ ಗಾಜು ಹೋಗಿದ್ದರೆ ಕಡಿತ ಕ್ರಮವಾಗಿ 4,000, 3,000 (ಶೇ. 25), ಸೊನ್ನೆ. ಪ್ರತಿ ಕ್ಲೇಮಿನಲ್ಲೂ ನೀವೇ ಭರಿಸಬೇಕಾದ ಕಡ್ಡಾಯ ಕಡಿತ ಇನ್ನೊಂದು 1,000; ಎಂಜಿನ್ 1500 ಸಿಸಿ ದಾಟಿದ್ದರೆ 2,000. ಅಂದರೆ 1500 ಸಿಸಿ ದಾಟದ ಕಾರಿಗೆ 30,000ದಲ್ಲಿ ನಿಮ್ಮ ಕೈಯಿಂದ 8,000. ಎಂಜಿನ್ ಆಯಿಲ್, ಕೂಲೆಂಟ್, ನಟ್ಟು-ಬೋಲ್ಟುಗಳ ಖರ್ಚಿಗೆ ಕನ್ಸ್ಯೂಮೆಬಲ್ಸ್ ಆಡ್-ಆನ್ ಬೇಕು.

ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದಿರುವ ಕಾರಿನ ವಿಮಾ ಮೌಲ್ಯ) ಶೇ. 75 ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ಹೋಯಿತೆಂದು ಲೆಕ್ಕ. ಆಗ ಲೆಕ್ಕ ಐಡಿವಿಯ ಮೇಲೆ, ನೀವು ಕೊಂಡ ಬೆಲೆಯ ಮೇಲಲ್ಲ. ಪ್ರೀಮಿಯಂ ಉಳಿಸಲು ಐಡಿವಿ ಇಳಿಸಿದವರಿಗೆ ಪೆಟ್ಟು ಬೀಳುವುದು ಇಲ್ಲೇ.

ಕುಡಿದು ಓಡಿಸಿದ್ದರೆ, ಲೈಸೆನ್ಸ್ ಇಲ್ಲದಿದ್ದರೆ, ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಬಿಟ್ಟಿದ್ದರೆ ಸ್ವಂತ ಕಾರಿನ ಹಾನಿಯ ಕ್ಲೇಮ್ ತಿರಸ್ಕಾರವಾಗುತ್ತದೆ. ಸವೆದ ಕ್ಲಚ್, ತಾನಾಗಿ ಕೆಟ್ಟ ಎಸಿ ಪಾಲಿಸಿಯಲ್ಲಿ ಬರುವುದೇ ಇಲ್ಲ.

ಸಣ್ಣ ಗೀರಿಗೆ ಕ್ಲೇಮ್ ಹಾಕುವ ಮುನ್ನ ನೋ ಕ್ಲೇಮ್ ಬೋನಸ್ ನೋಡಿಕೊಳ್ಳಿ. ಐದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿಯ) ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ, ಒಂದು ಕ್ಲೇಮಿಗೆ ಅದು ಸೊನ್ನೆಗೆ ಇಳಿಯುತ್ತದೆ. 3,000 ರೂಪಾಯಿಯ ಪೇಂಟ್ ಕೆಲಸವಾದರೆ ಕೈಯಿಂದಲೇ ಕೊಡುವುದು ಮೇಲು.