ಸರ್ಕಾರಿ ಹೈಸ್ಕೂಲಲ್ಲಿ ಗೋಡೆ ಪತ್ರಿಕೆ ನಿಲ್ಲದೆ ನಡೆಸೋದು ಹೇಗೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಲ್ಲಿ ನಾನು ಕನ್ನಡ ಮೇಷ್ಟ್ರು. ನಮ್ಮಲ್ಲಿ ಗೋಡೆ ಪತ್ರಿಕೆ ಐದು ವರ್ಷದಿಂದ ಹದಿನೈದು ದಿನಕ್ಕೊಂದರಂತೆ ಬರ್ತಿದೆ. ಟ್ರೈನಿಂಗಲ್ಲಿ ಸಿಕ್ಕಾಗ ಬೇರೆ ಶಾಲೆಯವರು "ನಮ್ದು ಎರಡು ಸಂಚಿಕೆ ಆದ್ಮೇಲೆ ನಿಂತೋಯ್ತು ಸಾರ್, ನೀವು ಹೇಗೆ ನಡೆಸ್ತೀರಾ" ಅಂತ ಕೇಳ್ತಾರೆ. ಟೀ ಕುಡಿಯೋ ಹತ್ತು ನಿಮಿಷದಲ್ಲಿ ಹೇಳಿ ಮುಗಿಯಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಎರಡು ಸಂಚಿಕೆಗೆ ನಿಲ್ಲೋ ಪತ್ರಿಕೆ ನಾನು ಬೇಕಾದಷ್ಟು ನೋಡಿದೀನಿ. ಸ್ಟಾಫ್ ರೂಮ್ ಪಕ್ಕದ ಬೋರ್ಡಲ್ಲಿ ಇರುತ್ತೆ, ಅದರಲ್ಲಿ ಒಂದು ಸುಭಾಷಿತ, ನಾಲ್ಕು ಜಿಕೆ ಪ್ರಶ್ನೆ, ಪಠ್ಯಪುಸ್ತಕ ನೋಡಿ ಬರೆದ ಒಂದು ಚಿತ್ರ, ಮಧ್ಯದಲ್ಲಿ ಯಾವುದೋ ಮಹನೀಯರ ಜಯಂತಿ. ಸುದ್ದಿ ಅನ್ನೋದೇ ಇರಲ್ಲ. ಮಕ್ಕಳು ಮೊದಲನೇ ದಿನ ನೋಡ್ತಾರೆ, ಎರಡನೇ ದಿನ ಅದರ ಮುಂದೆ ಹಾದು ಹೋಗ್ತಾರೆ ಅಷ್ಟೇ. ಅಪ್ಪ ಅಮ್ಮಂದಿರಂತೂ ಗೇಟಿನ ಒಳಗೇ ಬರಲ್ಲ. ಹಾಗಾಗಿ ಶುರು ಮಾಡೋ ಮುಂಚೆ ಎರಡು ವಿಷಯ ತೀರ್ಮಾನ ಮಾಡ್ಕೊಳ್ಳಿ, ಒಂದು ನಮ್ಮ ಶಾಲೆದು ನಮ್ಮ ಊರಿಂದು ಬಿಟ್ಟು ಬೇರೆ ಏನೂ ಹಾಕಲ್ಲ ಅಂತ, ಇನ್ನೊಂದು ಜನ ಎಲ್ಲಿ ನಿಂತ್ಕೊಳ್ತಾರೋ ಅಲ್ಲಿಗೇ ಪತ್ರಿಕೆ ತಗೊಂಡು ಹೋಗ್ತೀವಿ ಅಂತ.

ಎಚ್‌ಎಂ ಹತ್ರ ಮೊದಲೇ ಮಾತಾಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲೂ ಒಂದು ಮಾತು ಹೇಳಿ ನಡಾವಳಿಯಲ್ಲಿ ಬರೆಸಿ. ಆಮೇಲೆ ಯಾರಾದ್ರೂ ಬಂದು "ಇದನ್ನ ಯಾರು ಹಾಕಿದ್ದು" ಅಂದ್ರೆ ಮಕ್ಕಳು ಉತ್ತರ ಕೊಡೋ ಹಾಗಾಗಬಾರದು, ದೊಡ್ಡವರು ನಾವು ಮುಂದೆ ನಿಲ್ಲಬೇಕು.

ತಂಡ

ಆರೇಳು ಜನ ಸಾಕು. ಹತ್ತನೇ ಕ್ಲಾಸಿನವರನ್ನ ಮುಖ್ಯ ಮಾಡ್ಬೇಡಿ, ಡಿಸೆಂಬರ್ ಬಂತು ಅಂದ್ರೆ ಅವರಿಗೆ ಸ್ಪೆಷಲ್ ಕ್ಲಾಸು, ಆಮೇಲೆ ಪ್ರಿಪರೇಟರಿ, ಪತ್ರಿಕೆ ಅಲ್ಲಿಗೆ ಅನಾಥ ಆಗುತ್ತೆ. ಒಂಬತ್ತನೇ ಕ್ಲಾಸಿನವರು ನಡೆಸಲಿ, ಎಂಟನೇ ಕ್ಲಾಸಿಂದ ಇಬ್ಬರು ಜೊತೆಗೆ ಓಡಾಡಿ ಕಲೀಲಿ, ಮುಂದಿನ ಜೂನಲ್ಲಿ ಅವರೇ ರೆಡಿ ಇರ್ತಾರೆ. ಎರಡು ತಿಂಗಳಿಗೊಮ್ಮೆ ಕೆಲಸ ಬದಲಾಯಿಸಿ. ಬಿಟ್ರೆ ಏನಾಗುತ್ತೆ ಅಂದ್ರೆ ಗಂಡು ಹುಡುಗರು ನೋಟ್‌ಬುಕ್ ಹಿಡ್ಕೊಂಡು ಊರೆಲ್ಲ ಸುತ್ತಾಡಿ ಸುದ್ದಿ ತರೋದು, ಹೆಣ್ಣು ಮಕ್ಕಳು "ಅಕ್ಷರ ಚೆನ್ನಾಗಿದೆ" ಅನ್ನೋ ಕಾರಣಕ್ಕೆ ಕೂತು ಕಾಪಿ ಮಾಡೋದು. ನಮ್ಮಲ್ಲಿ ಮೊದಲನೇ ವರ್ಷ ಪೂರ್ತಿ ಹಾಗೇ ನಡೀತು, ನನ್ನ ಗಮನಕ್ಕೇ ಬಂದಿರಲಿಲ್ಲ, ಒಬ್ಬ ಹುಡುಗಿ ಬಂದು "ಸಾರ್ ನಾನೂ ಪಂಚಾಯ್ತಿ ಆಫೀಸಿಗೆ ಹೋಗಿ ಕೇಳ್ತೀನಿ" ಅಂದ ಮೇಲೇ ಗೊತ್ತಾಗಿದ್ದು. ಅವಳು ಹೋಗಿ ಶಾಲೆ ಮುಂದಿನ ಬೀದಿ ದೀಪ ಯಾಕೆ ಉರೀತಿಲ್ಲ ಅಂತ ಕೇಳಿ ಬರ್ಕೊಂಡು ಬಂದಳು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹೇಳಿದ ಮಾತು, ತಾರೀಖು ಎರಡೂ ಹಾಕಿದ್ವಿ. ಅದರ ಮುಂದಿನ ಸಂಚಿಕೆಯಲ್ಲಿ ದೀಪ ಹತ್ತಿದ ಸುದ್ದಿಯನ್ನ ಅವಳೇ ಬರೆದಳು.

ಸುದ್ದಿ ಎಲ್ಲಿ ಸಿಗುತ್ತೆ

"ನಮ್ಮ ಶಾಲೇಲಿ ಸುದ್ದಿನೇ ಇರಲ್ಲ ಸಾರ್" ಅಂತ ಮಕ್ಕಳು ಮೊದಲನೇ ವಾರ ಹೇಳೇ ಹೇಳ್ತಾರೆ. ಅವರನ್ನ ಬಿಸಿಯೂಟದ ಅಡುಗೆ ಮನೆಗೆ ಕಳಿಸಿ. ಬೆಳಗ್ಗೆ ಎಷ್ಟು ಗಂಟೆಗೆ ಒಲೆ ಹಚ್ತಾರೆ, ಇವತ್ತು ಎಷ್ಟು ಮಕ್ಕಳ ಲೆಕ್ಕಕ್ಕೆ ಅಕ್ಕಿ ಅಳೆದ್ರು, ಯಾವ ದಿನ ಸಾಂಬಾರು ಉಳಿಯುತ್ತೆ, ಯಾಕೆ ಉಳಿಯುತ್ತೆ, ಇಷ್ಟು ಕೇಳ್ಕೊಂಡು ಬಂದ್ರೆ ಅರ್ಧ ಪುಟ ತುಂಬುತ್ತೆ. ಅಡುಗೆ ಅಕ್ಕಂದಿರು ದಿನಾ ಅನ್ನ ಹಾಕ್ತಾರೆ, ಅವರ ಹೆಸರು ಎಷ್ಟೋ ಮಕ್ಕಳಿಗೆ ಗೊತ್ತಿರಲ್ಲ. ನಮ್ಮ ಪತ್ರಿಕೆಯ ಎರಡನೇ ಸಂಚಿಕೆಯಲ್ಲಿ ಆ ಅಕ್ಕಂದಿರ ಬಗ್ಗೆ ಬಂದಾಗ ಒಬ್ಬರು ಆ ಹಾಳೆ ಮನೆಗೆ ಕೊಡಿ ಅಂತ ಕೇಳಿದ್ರು, ಹದಿನೈದು ದಿನ ಆದ್ಮೇಲೆ ಬಿಚ್ಚಿ ಕೊಟ್ವಿ.

ಇನ್ನೊಂದು, ಊರಿನ ಕೆಲಸ. ನಮ್ಮ ಕಡೆ ಅಂದ್ರೆ ರೇಷ್ಮೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡೋದಕ್ಕೆ ಹಾಗೆ ಅಂತೀವಿ) ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ತಿನ್ನುತ್ತೆ, ಒಂದು ವಾರ ಮನೆಮಂದಿಗೆಲ್ಲ ನಿದ್ದೆ ಇರಲ್ಲ, ಆಮೇಲೆ ಹಣ್ಣಾದ ಹುಳ ಆರಿಸಿ, ಗೂಡು ಕಟ್ಟೋಕೆ ಅಂತ ಇಡೋ ಬಿದಿರಿನ ಚಂದ್ರಿಕೆಗೆ ಬಿಡೋ ದಿನ ಮಕ್ಕಳೂ ಬೇಕೇ ಬೇಕು. ಅಟೆಂಡೆನ್ಸ್ ಅಲ್ಲೇ ಬೀಳೋದು. ನಮ್ಮ ತಂಡದ ಮಕ್ಕಳೇ "ಹುಳದ ಮನೆ" ಅಂತ ಒಂದು ಕಾಲಂ ಶುರು ಮಾಡಿದ್ರು, ಯಾವ ಬೀದಿ ಕಡೆ ಹುಳ ಎಷ್ಟನೇ ಜ್ವರದಲ್ಲಿದೆ, ಗೂಡು ಯಾವ ವಾರ ಮಾರ್ಕೆಟ್ಟಿಗೆ ಹೋಗುತ್ತೆ ಅಂತ. ಅದನ್ನ ನೋಡಿ ಗಣಿತದ ಮಿಸ್ ಟೆಸ್ಟ್ ಒಂದು ವಾರ ಮುಂದಕ್ಕೆ ಹಾಕಿದ್ರು, ಗೈರುಹಾಜರಾದ ಮಕ್ಕಳಿಗೆ ಬೈಯೋದೂ ಕಮ್ಮಿ ಆಯ್ತು, ಯಾಕಂದ್ರೆ ಕಾರಣ ಗೋಡೆ ಮೇಲೇ ಇತ್ತು. ಶಿಡ್ಲಘಟ್ಟ ಮಾರ್ಕೆಟ್ಟಿನ ಗೂಡಿನ ರೇಟೂ ಕೆಳಗೆ ಒಂದು ಸಾಲು ಹಾಕ್ತೀವಿ. ಅಪ್ಪಂದಿರು ಮೊಬೈಲಲ್ಲಿ ಆಗಲೇ ನೋಡಿರ್ತಾರೆ, ಆದ್ರೂ ರೇಟು ಓದೋಕೆ ಅಂತ ನಿಂತವರು ಮೇಲಿನ ಸುದ್ದೀನೂ ಓದ್ತಾರೆ. ಕೋಲಾರದ ಕಡೆ ಶಾಲೆ ಆದ್ರೆ ಟೊಮೇಟೊ ಬಾಕ್ಸಿನ ರೇಟು ಹಾಕಿ, ತಿಪಟೂರು ಕಡೆ ಆದ್ರೆ ಕೊಬ್ಬರಿದು.

ಹಳೇ ಕಾಲದ ವಿಷಯಕ್ಕೂ ಜಾಗ ಇಡಿ, ಆದ್ರೆ ಪುಸ್ತಕದಿಂದ ನಕಲು ಮಾಡಿದ್ದು ಬೇಡ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಪಾಠದಲ್ಲಿ ಓದಿದ್ರೆ ಒಂದು ಥರ, ಮನೆಯ ಹಿರಿಯರ ಬಾಯಲ್ಲಿ "ನಮ್ಮ ತಾತ ಅಲ್ಲಿನ ಜಾತ್ರೆಗೆ ಹೋಗ್ತಿದ್ರಂತೆ" ಅಂತ ಕೇಳಿದ್ರೆ ಇನ್ನೊಂದು ಥರ. ಕೆರೆ ಕೋಡಿ ಕೊನೆಗೆ ಹರಿದದ್ದು ಯಾವ ವರ್ಷ, ಮೊದಲನೇ ಬೋರ್‌ವೆಲ್ ಎಷ್ಟು ಅಡಿಗೆ ನೀರು ಕೊಡ್ತು, ಈಗ ಎಷ್ಟು ಅಡಿಗೆ ಹೋಗ್ಬೇಕು, ಇದೆಲ್ಲ ಅಜ್ಜಿ ತಾತಂದಿರ ಹತ್ರ ಸಿಗುತ್ತೆ.

ಬರೆಯೋದು

ಮಕ್ಕಳಿಗೆ ಸುದ್ದಿ ಬರೀರಿ ಅಂದ ತಕ್ಷಣ ಪೇಪರ್ ಭಾಷೆ ಬರುತ್ತೆ. "ನಮ್ಮ ಶಾಲೆಯಲ್ಲಿ ಸ್ವಾತಂತ್ರ್ಯ ದಿನಾಚರಣೆಯನ್ನು ಬಹಳ ವಿಜೃಂಭಣೆಯಿಂದ ಆಚರಿಸಲಾಯಿತು, ಗಣ್ಯರು ಉಪಸ್ಥಿತರಿದ್ದರು." ಇದರಲ್ಲಿ ಏನೂ ಇಲ್ಲ, ಯಾವ ಊರಿನ ಯಾವ ಶಾಲೆಗೆ ಬೇಕಾದ್ರೂ ಹಚ್ಚಬಹುದು. ವಾಪಸ್ ಕೊಟ್ಟು ಕೇಳಿ, ನೀನು ಅಲ್ಲಿ ಏನು ನೋಡಿದೆ? ಆಗ ಹೊರಗೆ ಬರುತ್ತೆ, ಬಾವುಟದ ಹಗ್ಗ ಸಿಕ್ಕಾಕೊಂಡಿದ್ದು, ಒಂಬತ್ತನೇ ಕ್ಲಾಸಿನ ಹುಡುಗಿ ಸ್ಟೂಲ್ ಹತ್ತಿ ಬಿಡಿಸಿದ್ದು, ಲಾಡುಗೆ ದುಡ್ಡು ಕೊಟ್ಟಿದ್ದು ಹಳೇ ವಿದ್ಯಾರ್ಥಿಗಳು, ಎಂಟನೇ ಕ್ಲಾಸಿಗೆ ಬರೋ ಹೊತ್ತಿಗೆ ಲಾಡು ಮುಗಿದು ಬಿಸ್ಕೆಟ್ ಕೊಟ್ಟಿದ್ದು. ಅದನ್ನೇ ಬರಿ ಅನ್ನಿ. ಅವರು ಮಾತಾಡೋ ಹಾಗೇ ಬರೀಲಿ, ಕಾಗುಣಿತ ಮಾತ್ರ ತಿದ್ದಿ, ವಾಕ್ಯ ನಿಮ್ಮ ಹಾಗೆ ಮಾಡೋಕೆ ಹೋಗ್ಬೇಡಿ. ಇದು ನಮ್ಮಂಥ ಕನ್ನಡ ಮೇಷ್ಟ್ರುಗಳಿಗೆ ಕಷ್ಟ, ಆದ್ರೂ ಕೈ ಕಟ್ಕೊಂಡು ಕೂರಲೇಬೇಕು.

ಪ್ರತಿ ಸುದ್ದಿಗೂ ಎರಡು ಪ್ರಶ್ನೆ ಕೇಳಿ: ನೀನೇ ನೋಡಿದ್ಯಾ? ಇಲ್ಲ ಅಂದ್ರೆ ಯಾರು ಹೇಳಿದ್ರು? "ಎಲ್ರೂ ಅಂತಾರೆ ಸಾರ್" ಅಂದ್ರೆ ಹಾಕಲ್ಲ. ಮುಳಬಾಗಿಲಲ್ಲಿ ಹುಟ್ಟಿದ ಡಿವಿಜಿ ಪತ್ರಕರ್ತರೂ ಆಗಿದ್ರು ಅಂತ ಹೇಳಿದಾಗ ನಮ್ಮ ಮಕ್ಕಳಿಗೆ ಬಲು ಖುಷಿ ಆಯ್ತು, ನಮ್ಮ ಕಡೆಯವರೊಬ್ಬರು ಇಷ್ಟು ದೊಡ್ಡ ಕೆಲಸ ಮಾಡಿದಾರೆ ಅಂತ.

ಉಪಯೋಗಕ್ಕೆ ಬರೋ ಮೂಲೆ

ಬಲಗಡೆ ಕೆಳಗೆ ಒಂದು ಚೌಕ ಯಾವಾಗಲೂ ಇದಕ್ಕೇ ಅಂತ ಇಡಿ, ಬೇರೆ ಏನೇ ಬಿಟ್ರೂ ಇದನ್ನ ಬಿಡಬೇಡಿ. ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ (ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್) ಪರೀಕ್ಷೆ ಅರ್ಜಿ ಯಾವಾಗ, ಪಾಸಾಗಿ ಆಯ್ಕೆ ಆದ್ರೆ ಒಂಬತ್ತನೇ ಕ್ಲಾಸಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತೆ ಅನ್ನೋದು ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ. ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋಕೆ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿರಬೇಕು, ಇದನ್ನ ಜೂನಲ್ಲೇ ಹಾಕಿ, ನಾಡಕಚೇರಿಗೆ ಹೋಗಿ ಬರೋಕೆ ಅವರಿಗೂ ಟೈಮ್ ಬೇಕಲ್ಲ. ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುತ್ತೆ, ಮೊದಲನೇದರಲ್ಲಿ ಫೇಲಾದ್ರೆ ಎರಡನೇದು ಬರೀಬಹುದು. ರಿಸಲ್ಟ್ ಬಂದ ದಿನವೇ ಎರಡನೇದಕ್ಕೆ ಅರ್ಜಿ ಹಾಕೋ ಕೊನೇ ತಾರೀಖನ್ನ ದೊಡ್ಡ ಅಕ್ಷರದಲ್ಲಿ ಹಾಕಿ. ಫೇಲಾದ ಮಗು ಶಾಲೆ ಕಡೆ ಮುಖ ಹಾಕಲ್ಲ, ಆದ್ರೆ ಡೇರಿಗೆ ಹಾಲು ಹಾಕೋಕೆ ಬಂದೇ ಬರುತ್ತೆ, ಪತ್ರಿಕೆ ಅಲ್ಲೂ ಇರುತ್ತೆ.

ಡೇರಿ ಗೋಡೆ

ನಮ್ಮ ಪತ್ರಿಕೆ ಉಳಿದಿದ್ದೇ ಡೇರಿಯಿಂದ. ಬೆಳಗ್ಗೆ ಸಂಜೆ ಎರಡು ಹೊತ್ತು ಕ್ಯಾನ್ ಹಿಡ್ಕೊಂಡು ಕ್ಯೂ ನಿಲ್ತಾರೆ, ಗಂಡಸರು ಹೆಂಗಸರು ಎಲ್ಲ, ಹತ್ತು ನಿಮಿಷ ಕಣ್ಣಿಗೆ ಬೇರೆ ಕೆಲಸ ಇರಲ್ಲ. ಡೇರಿ ಸೆಕ್ರೆಟರಿ ಹತ್ರ ಕೇಳಿ ಒಂದು ಗೋಡೆ ಜಾಗ ತಗೊಳ್ಳಿ. ಶಾಲೆಗೆ ಡ್ರಾಯಿಂಗ್ ಶೀಟಲ್ಲಿ ದೊಡ್ಡದು, ಡೇರಿಗೆ ಅದರದ್ದೇ ಎ3 ಜೆರಾಕ್ಸ್. ಮೈದಾ ಅಂಟು ಹಚ್ಚಬೇಡಿ, ಆಡು ಬಂದು ನೆಕ್ಕಿ ಹಾಳೆ ಸಮೇತ ಎಳೆದು ಹಾಕುತ್ತೆ, ಒಂದು ರಟ್ಟಿಗೆ ಕ್ಲಿಪ್ ಹಾಕಿ ಎತ್ತರದಲ್ಲಿ ನೇತು ಹಾಕಿ, ಮೇಲೆ ಪ್ಲಾಸ್ಟಿಕ್ ಕವರ್. ತಲೆಬರಹ ಹತ್ತು ಅಡಿ ದೂರದಿಂದ ಓದೋ ಹಾಗಿರಬೇಕು.

ಓದೋಕೆ ಬರದವರೂ ಇರ್ತಾರೆ, ನಮ್ಮ ಕಡೆ ಮನೇಲಿ ತೆಲುಗು ಮಾತಾಡೋರೇ ಹೆಚ್ಚು, ಉರ್ದು ಮಾತಾಡೋರೂ ಇದಾರೆ. ಅವರಿಗೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ವಾಯ್ಸ್ ಹಾಕಿ, ಮಕ್ಕಳ ದನಿಯಲ್ಲೇ, ಕನ್ನಡದಲ್ಲಿ ಒಂದು, ತೆಲುಗಲ್ಲಿ ಒಂದು, ಒಂದು ನಿಮಿಷ ದಾಟಬಾರದು. ಮಗನ ದನಿ ಕೇಳೋಕೆ ಅಂತ ಅಮ್ಮ ಎರಡು ಸಲ ಹಾಕಿಸ್ಕೊಂಡು ಕೇಳಿದ್ಲು ಅಂತ ಒಬ್ಬ ಹುಡುಗ ಬಂದು ಹೇಳಿದ್ದ. ಗ್ರೂಪಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಸೆಟ್ ಮಾಡಿ, ಇಲ್ಲಾಂದ್ರೆ ಗುಡ್ ಮಾರ್ನಿಂಗು, ಪಾರ್ಟಿ ವಿಡಿಯೋ ಮಧ್ಯೆ ನಿಮ್ಮ ಸುದ್ದಿ ಎಲ್ಲೋ ಹೋಗಿರುತ್ತೆ. ಪಂಚಾಯ್ತಿ ಎಲೆಕ್ಷನ್ ಟೈಮಲ್ಲಿ ಯಾವ ಪಾರ್ಟಿಯವರ ಫೋಟೋನೂ ಬೇಡ. ಯಾರಾದ್ರೂ ಶಾಲೆಗೆ ನೀರಿನ ಟ್ಯಾಂಕು, ಬೆಂಚು ಕೊಟ್ರೆ ಒಂದೇ ಸಾಲು, ಏನು ಕೊಟ್ರು, ಎಲ್ಲಿ ಇಟ್ವಿ, ಈಗ ಯಾರು ಉಪಯೋಗಿಸ್ತಿದಾರೆ.

ಹಾಕಬಾರದ್ದು

ಇದನ್ನ ನಾನು ತಪ್ಪು ಮಾಡಿ ಕಲ್ತಿದ್ದು. ಎರಡನೇ ವರ್ಷ ಅರ್ಧವಾರ್ಷಿಕ ಪರೀಕ್ಷೆ ಆದ್ಮೇಲೆ ಒಂಬತ್ತನೇ ಕ್ಲಾಸಿನ ಎಲ್ಲರ ಮಾರ್ಕ್ಸು ಪಟ್ಟಿ ಮಾಡಿ ಹಾಕಿದ್ವಿ, ಮೇಲಿನವರಿಗೆ ಪ್ರೋತ್ಸಾಹ ಅಂತ ನಾನೇ ಒಪ್ಕೊಂಡಿದ್ದೆ. ಪಟ್ಟಿಯ ಕೊನೇ ಹೆಸರಿನ ಹುಡುಗಿ ಮಾರನೇ ದಿನದಿಂದ ಬರಲಿಲ್ಲ. ನಾಲ್ಕನೇ ದಿನ ಮನೆಗೆ ಹೋದೆ. ಡೇರಿ ಹತ್ರ ಅವಳ ಅಪ್ಪನಿಗೆ ಯಾರೋ ಓದಿ ಹೇಳಿದಾರೆ, "ಇನ್ನು ಓದಿ ಏನಾಗಬೇಕು" ಅಂತ ಮನೇಲಿ ಕೂರಿಸಿದಾರೆ. ಅವಳನ್ನ ವಾಪಸ್ ಕರ್ಕೊಂಡು ಬರೋಕೆ ಮೂರು ವಾರ ಹಿಡೀತು, ನಾನು, ಎಚ್‌ಎಂ, ಅವಳ ಸೋದರಮಾವ ಎಲ್ಲ ಸೇರಿ ಮಾತಾಡಿ. ಆ ಮೂರು ವಾರ ನನಗೆ ಈಗಲೂ ನೆನಪಿದೆ. ಅಲ್ಲಿಂದ ಮಾರ್ಕ್ಸು, ಫೀಸು ಬಾಕಿ, ಜಾತಿ, ಕಾಯಿಲೆ, ಮನೆ ಜಗಳ, ಯಾರು ಯಾರ ಜೊತೆ ಮಾತಾಡ್ತಾರೆ, ಇದ್ಯಾವುದೂ ನಮ್ಮ ಪತ್ರಿಕೆಯಲ್ಲಿ ಬರಲ್ಲ. ಮಗುವಿನ ಫೋಟೋ ಹೊರಗಿನ ಗ್ರೂಪಿಗೆ ಹಾಕ್ಬೇಕಾದ್ರೆ ಮನೆಯವರನ್ನ ಕೇಳ್ತೀವಿ.

ಇನ್ನು ಕೆಲವು ವಿಷಯ ಮಕ್ಕಳ ಕಿವಿಗೆ ಮೊದಲು ಬೀಳುತ್ತೆ. ಕ್ಲಾಸಿನ ಹುಡುಗಿಗೆ ಮದುವೆ ಗೊತ್ತಾಗ್ತಿದೆಯಂತೆ, ಯಾರೋ ದೊಡ್ಡವರು ಕೆಟ್ಟದಾಗಿ ನಡ್ಕೊಂಡ್ರಂತೆ. ಇದು ಸುದ್ದಿ ಅಲ್ಲ, ದೂರು, ಅಂತ ತಂಡಕ್ಕೆ ಮೊದಲನೇ ದಿನವೇ ಹೇಳಿ. ಅಂಥದ್ದು ಗೊತ್ತಾದ್ರೆ ಯಾರಿಗೂ ಹೇಳದೆ ನೇರ ನಂಬಿಕೆ ಇರೋ ಟೀಚರ್ ಹತ್ರ ಬರಬೇಕು, ಇಲ್ಲಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಹುಡುಗಿಗೆ 18 ತುಂಬದೆ ಮದುವೆ ಮಾಡೋದು ಕಾನೂನು ಪ್ರಕಾರ ಅಪರಾಧ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸಲ್ಲಿ ಮಗುವಿನ ಗುರುತು ಎಲ್ಲೂ ಹೊರಗೆ ಬರಬಾರದು. ಆ 1098 ನಂಬರನ್ನ ಮಾತ್ರ ಪ್ರತಿ ಸಂಚಿಕೆಯಲ್ಲೂ ಪತ್ರಿಕೆ ಹೆಸರಿನ ಪಕ್ಕದಲ್ಲೇ ಬರೀತೀವಿ.

ಕೊನೇದಾಗಿ ಒಂದು ರಿಜಿಸ್ಟರ್. ಒಂದು ನೋಟ್‌ಬುಕ್ಕಲ್ಲಿ ಶಾಲೆಯ ಎಲ್ಲಾ ಮಕ್ಕಳ ಹೆಸರು ಬರೆದು, ಯಾರ ಹೆಸರು ಪತ್ರಿಕೆಯಲ್ಲಿ ಬಂತೋ ಅವರ ಮುಂದೆ ತಾರೀಖು ಹಾಕ್ತಾ ಹೋಗಿ. ಜನವರಿ ಹೊತ್ತಿಗೆ ನೋಡಿದ್ರೆ ಭಾಷಣ ಮಾಡೋರು, ಕಬಡ್ಡಿ ಆಡೋರು ಐದಾರು ಸಲ ಬಂದಿರ್ತಾರೆ, ಹಿಂದಿನ ಬೆಂಚಿನ ಮೂವತ್ತು ನಲವತ್ತು ಮಕ್ಕಳು ಒಂದು ಸಲಾನೂ ಇರಲ್ಲ. ಉಳಿದ ಸಂಚಿಕೆ ಅವರನ್ನ ಹುಡ್ಕೊಂಡು ಹೋಗೋಕೆ. ಒಬ್ಬ ಸೈಕಲ್ ಪಂಚರ್ ಹಾಕ್ತಾನೆ, ಒಬ್ಬಳು ದಿನಾ ಎರಡು ಕಿಲೋಮೀಟರ್ ತಂಗಿಯನ್ನ ನಡೆಸ್ಕೊಂಡು ಬರ್ತಾಳೆ, ಕೇಳಿದ್ರೆ ಹೇಳ್ತಾರೆ. ಹಳೇ ಹಾಳೆಗಳನ್ನ ಎಸೀಬೇಡಿ, ಸುತ್ತಿ ಬೀರು ಮೇಲೆ ಇಡಿ. ಹತ್ತನೇ ಕ್ಲಾಸಿನವರ ಬೀಳ್ಕೊಡುಗೆ ದಿನ ವರಾಂಡದ ಉದ್ದಕ್ಕೂ ದಾರ ಕಟ್ಟಿ ಮೂರು ವರ್ಷದ್ದೂ ನೇತು ಹಾಕ್ತೀವಿ. ಊಟಕ್ಕೆ ಕರೆದ್ರೂ ಬರಲ್ಲ ಆವತ್ತು, ಒಬ್ಬೊಬ್ಬರೇ ತಮ್ಮ ಹೆಸರಿರೋ ಸಾಲು ಹುಡುಕ್ತಾ ನಿಂತಿರ್ತಾರೆ.