ಡೀಸೆಲ್ ಜನರೇಟರ್ ಜಾಗಕ್ಕೆ ಸೋಲಾರ್: ಮೊದಲು ಲೆಕ್ಕ, ಆಮೇಲೆ ಖರೀದಿ

ಎಷ್ಟು ಪ್ಯಾನೆಲ್ ಬೇಕು ಅನ್ನುವ ಪ್ರಶ್ನೆಯಿಂದ ಶುರು ಮಾಡಬೇಡಿ. ಹಗಲಿಗೆಷ್ಟು ಯೂನಿಟ್ ಖರ್ಚಾಗುತ್ತದೆ, ರಾತ್ರಿಗೆಷ್ಟು ಅನ್ನುವುದು ಮೊದಲು ಗೊತ್ತಾಗಬೇಕು. ಜನರೇಟರಿನಿಂದ ಹೊರಡುವ ಲೈನಿಗೆ ಎನರ್ಜಿ ಮೀಟರ್ ಹಾಕಿಸಿ. ಎರಡು ವಾರ, ಬಿಸಿಲು ಏರಿದ ಮೇಲೊಮ್ಮೆ, ಇಳಿಯುವ ಹೊತ್ತಿಗೊಮ್ಮೆ ರೀಡಿಂಗ್ ಬರೆದಿಡಿ. ಸುರಿದ ಡೀಸೆಲ್ ಲೆಕ್ಕವೂ ಇರಲಿ. ಸಣ್ಣ ಜನರೇಟರ್ ಒಳ್ಳೆಯ ಲೋಡಿನಲ್ಲಿ ಲೀಟರಿಗೆ ಸುಮಾರು 3 ಯೂನಿಟ್ ಕೊಡುತ್ತದೆ. 2ಕ್ಕೂ ಕಡಿಮೆ ಬಂದರೆ ದೊಡ್ಡ ಯಂತ್ರ ಸಣ್ಣ ಲೋಡಿಗೆ ಓಡುತ್ತಿರಬಹುದು.

ಒಂದು ಉದಾಹರಣೆ ಹಿಡಿಯೋಣ. ದಿನಕ್ಕೆ 20 ಯೂನಿಟ್ ಬೇಕು, ಅದರಲ್ಲಿ 6 ಯೂನಿಟ್ ಕತ್ತಲಾದ ಮೇಲೆ. ಬಿಸಿಲು ಚೆನ್ನಾಗಿರುವ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ಶಾಖ, ಧೂಳು, ವೈರು, ಇನ್ವರ್ಟರ್ ನಷ್ಟವೆಲ್ಲ ಕಳೆದು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ 5 ಕಿಲೋವ್ಯಾಟ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 80 ಶೇಕಡಾವರೆಗೆ ಖಾಲಿ ಮಾಡಬಹುದು. ನಷ್ಟ ಸೇರಿಸಿದರೆ 6 ಯೂನಿಟ್‌ಗೆ ಎಂಟೂವರೆ ಯೂನಿಟ್ ಸಾಮರ್ಥ್ಯದ ಬ್ಯಾಟರಿ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಸುಮಾರು 15 ಯೂನಿಟ್ ಬೇಕಾಗುತ್ತದೆ. ಖರೀದಿಗೆ ಮುಂಚೆ ಇನ್ನೊಂದು ಕೆಲಸವಿದೆ: ನೀರೆತ್ತುವುದು, ಚಾರ್ಜಿಂಗ್, ಐಸ್ ಮಾಡುವುದು, ಹಿಟ್ಟು ಬೀಸುವುದು, ಇಂಥದ್ದನ್ನೆಲ್ಲ ಹಗಲಿಗೆ ತಳ್ಳಿ. ತೊಟ್ಟಿಯಲ್ಲಿ ನೀರು ತುಂಬಿಡುವುದು ಬ್ಯಾಟರಿಯಲ್ಲಿ ಕರೆಂಟ್ ತುಂಬಿಡುವುದಕ್ಕಿಂತ ಯಾವತ್ತೂ ಅಗ್ಗ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಮೋಟಾರ್. ನೇರ ಸ್ಟಾರ್ಟರಿನಲ್ಲಿ ಶುರುವಾಗುವ ಗಳಿಗೆಯಲ್ಲಿ ಅದು ಓಟದ ಕರೆಂಟಿನ 5ರಿಂದ 7 ಪಟ್ಟು ಎಳೆಯುತ್ತದೆ. ಇನ್ವರ್ಟರ್ ಟ್ರಿಪ್ ಆಗುತ್ತದೆ, ಬೈಗುಳ ಸೋಲಾರಿಗೆ ಬೀಳುತ್ತದೆ. ದೊಡ್ಡ ಇನ್ವರ್ಟರ್ ಕೊಳ್ಳುವ ಬದಲು ತ್ರೀ ಫೇಸ್ ಮೋಟಾರಿಗೆ ವಿಎಫ್‌ಡಿ (ಮೋಟಾರನ್ನು ಮೆಲ್ಲಗೆ ಶುರುಮಾಡಿ ವೇಗ ಏರಿಸುವ ಸಾಧನ) ಹಾಕಿಸಿ.

ಎರಡನೆಯದು ವೋಲ್ಟೇಜ್. ಪ್ಯಾನೆಲ್ ಹಿಂಬದಿಯ ಚೀಟಿಯಲ್ಲಿರುವ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಲೋಡ್ ಇಲ್ಲದಾಗಿನ ವೋಲ್ಟೇಜ್) 25 ಡಿಗ್ರಿ ಸೆಲ್ಸಿಯಸ್‌ನದು. ಚಳಿ ಹೆಚ್ಚಿದಂತೆ ಅದು ಡಿಗ್ರಿಗೆ ಸುಮಾರು 0.3 ಶೇಕಡಾ ಏರುತ್ತದೆ. 50 ವೋಲ್ಟಿನ ಹತ್ತು ಪ್ಯಾನೆಲ್ ಸೀರೀಸ್‌ನಲ್ಲಿ, ಅಂದರೆ ಒಂದಕ್ಕೊಂದು ಸಾಲಾಗಿ, ಕಟ್ಟಿದರೆ ಕಾಗದದ ಮೇಲೆ 500 ವೋಲ್ಟ್. 5 ಡಿಗ್ರಿಯ ಬೆಳಗಿನಲ್ಲಿ 530. ಇನ್ವರ್ಟರಿನ ಮಿತಿ 500 ಆಗಿದ್ದರೆ ಅದು ಸುಟ್ಟುಹೋಗಬಹುದು, ಮಿತಿ ಮೀರಿ ಸುಟ್ಟದ್ದಕ್ಕೆ ವಾರಂಟಿ ಸಿಗುವುದು ಕಷ್ಟ. ಒಂಬತ್ತೇ ಕಟ್ಟಿ. ನೆರಳೂ ಹಾಗೇ: ಒಂದು ಕಂಬದ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ತಗ್ಗಬಹುದು.

ಇನ್ನು ಲಾಭ. ಡೀಸೆಲ್ ಯೂನಿಟ್ಟಿನ ಬೆಲೆ ಅಂದರೆ ಲೀಟರ್ ಬೆಲೆಯನ್ನು ನಿಮ್ಮ ಮೀಟರ್ ತೋರಿಸಿದ ಯೂನಿಟ್‌ನಿಂದ ಭಾಗಿಸಿ, ಆಯಿಲ್, ಫಿಲ್ಟರ್, ರಿಪೇರಿ ಸೇರಿಸಿ. ಸೋಲಾರಿನದು ಬಂಡವಾಳ, ಬಡ್ಡಿ, ಮುಂದೆ ಬದಲಿಸಬೇಕಾದ ಬ್ಯಾಟರಿ ಮತ್ತು ಇನ್ವರ್ಟರ್ ಎಲ್ಲ ಕೂಡಿಸಿ, *ಬಳಸುವ* ಯೂನಿಟ್‌ನಿಂದ ಭಾಗಿಸಿದ್ದು. ಮಾರುವವರು ಉತ್ಪಾದನೆಯಾಗುವ ಯೂನಿಟ್‌ನಿಂದ ಭಾಗಿಸಿ ತೋರಿಸುತ್ತಾರೆ. 5 ಕಿಲೋವ್ಯಾಟ್ ವರ್ಷಕ್ಕೆ 7,300 ಯೂನಿಟ್ ಕೊಡಬಲ್ಲದು. ವಾರಕ್ಕೊಂದು ದಿನ ಕೆಲಸವಿಲ್ಲ, ಹೆಚ್ಚಿನದನ್ನು ಗ್ರಿಡ್‌ಗೆ ಕೊಡಲೂ ಆಗದು ಅಂದರೆ ಕೈಗೆ ಬರುವುದು ಸುಮಾರು 6,250. ಸಾಲದ ಕಂತು ಸರಿಹೋಗುವುದೂ ತಪ್ಪುವುದೂ ಈ ವ್ಯತ್ಯಾಸದಲ್ಲೇ.

ಜನರೇಟರನ್ನು ಮಾರಬೇಡಿ. ಮೋಡ ಕವಿದ ವಾರಕ್ಕೆ ಸಾಕಾಗುವಷ್ಟು ಬ್ಯಾಟರಿ ಕೊಂಡರೆ ಅದು ಉಳಿದ ದಿನಗಳಲ್ಲಿ ಸುಮ್ಮನೆ ಕೂರುತ್ತದೆ, ಕೊನೆಯ ಹತ್ತು ಶೇಕಡಾ ಡೀಸೆಲ್ ಉಳಿಸಲು ಬಂಡವಾಳ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಜನರೇಟರ್ ಲೈನನ್ನು ಇನ್ವರ್ಟರಿನ ಎಸಿ ಇನ್‌ಪುಟ್‌ಗೇ ಕೊಡಿ; ಔಟ್‌ಪುಟ್ ಕಡೆ ಸೇರಿಸಿದರೆ ಎರಡೂ ಎದುರುಬದುರಾಗಿ ಇನ್ವರ್ಟರ್ ಹೋಗುತ್ತದೆ. ತಿಂಗಳಿಗೊಮ್ಮೆ ಅರ್ಧ ಗಂಟೆ, ಅರ್ಧದಷ್ಟಾದರೂ ಲೋಡ್ ಹಾಕಿ ಓಡಿಸಿ. ಖಾಲಿ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಎಣ್ಣೆಮಸಿ ಕಟ್ಟುತ್ತದೆ. ಟ್ಯಾಂಕಿನ ಡೀಸೆಲನ್ನೂ ವರ್ಷದೊಳಗೆ ಬಳಸಿ ಹೊಸತು ತುಂಬಿಸಿ.